ಟೆಂಡರಿಗೆ ಕಾಯಿದೆ ಉಂಟು, ಬಿಲ್ಲಿಗೆ ಇಲ್ಲ

ಶೀಳನೆರೆ ಕಡೆಯ ಸಣ್ಣ ಅಂಗಡಿಯವರೊಬ್ಬರು ಹೋದ ವಾರ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಚಿ ಮಡಿಚಿ ಗೆರೆಬಿದ್ದ ಒಂದು ಬಿಲ್ಲಿನ ನಕಲು. ಜಿಲ್ಲೆಯ ಒಂದು ಪುರಸಭೆಗೆ ಅವರು ಪೊರಕೆ, ಬಾಣಲಿ, ಗುದ್ದಲಿ ಕಾವು, ಬ್ಲೀಚಿಂಗ್ ಪುಡಿ ಒದಗಿಸಿದ್ದರು. ಮೊತ್ತ 86 ಸಾವಿರ ಚಿಲ್ಲರೆ. ಮಾಲು ಕೊಟ್ಟು 14 ತಿಂಗಳಾಯಿತು. ಹೋದಾಗಲೆಲ್ಲ ಒಂದೊಂದು ಉತ್ತರ: ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಲೆಕ್ಕದವರು ವರ್ಗವಾಗಿದ್ದಾರೆ, ಅನುದಾನ ಬಂದಿಲ್ಲ, ಮುಂದಿನ ತಿಂಗಳು ನೋಡೋಣ. “ಮಾಲು ಬೇಡ ಅಂದಿದ್ದರೆ ವಾಪಸು ತಂದು ಮಾರಿಕೊಳ್ಳುತ್ತಿದ್ದೆ ಸ್ವಾಮಿ. ಪೊರಕೆ ಸವೆದೇ ಹೋಯಿತು, ಬಿಲ್ಲು ಮಾತ್ರ ಇನ್ನೂ ಹೊಸದಾಗಿದೆ” ಎಂದರು. ನಗಬೇಕೋ ಅಳಬೇಕೋ ನಮಗೆ ತಿಳಿಯಲಿಲ್ಲ.

ತಮ್ಮ ಹೆಸರನ್ನಾಗಲಿ ಆ ಪುರಸಭೆಯ ಹೆಸರನ್ನಾಗಲಿ ಬರೆಯಬೇಡಿರೆಂದು ಅವರು ಕೈಮುಗಿದರು. ಬರೆದಿಲ್ಲ. ಆದರೆ ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಸಾಲ ಕೊಟ್ಟವನು ಅಂಜುತ್ತಾನೆ, ಸಾಲ ಉಳಿಸಿಕೊಂಡವನು ಕುರ್ಚಿಯಲ್ಲಿ ಕೂತು ನಾಳೆ ಬಾ ಎನ್ನುತ್ತಾನೆ. ಇದು ಯಾವ ಊರಿನ ವ್ಯವಹಾರ? ಇದೇ ಅಂಗಡಿಯವರು ಕಂದಾಯ ಒಂದು ದಿನ ತಡಮಾಡಿದರೆ ದಂಡ ಹಾಕುವುದೂ ಅಂಥದೇ ಪುರಸಭೆಯಲ್ಲವೇ?

ಸರ್ಕಾರಿ ಖರೀದಿಗೆ ನಿಯಮವೇ ಇಲ್ಲವೆಂದು ಯಾರೂ ತಿಳಿಯಬಾರದು. ನಿಯಮ ಬೇಕಾದಷ್ಟಿದೆ. ನಮ್ಮ ಜಿಲ್ಲೆಯವರೇ ಆದ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ ಎಂಬ ಉದ್ದ ಹೆಸರಿನ ಕಾಯಿದೆ ಬಂತು. 2000ದ ಅಕ್ಟೋಬರ್ 4ರಿಂದ ಜಾರಿಯಾಯಿತು. ಪಕ್ಕದ ತಮಿಳುನಾಡಿನಲ್ಲಿ 1998ರಲ್ಲೇ ಇಂಥದೊಂದು ಆಗಿತ್ತು. ಸರ್ಕಾರದ ಇಲಾಖೆ, ನಿಗಮ, ಪುರಸಭೆ, ಯಾರೇ ಆಗಲಿ, ಗೊತ್ತುಪಡಿಸಿದ ಮಿತಿಗೆ ಮೀರಿ ಏನನ್ನೇ ಕೊಂಡರೂ, ಯಾವ ಕೆಲಸ ಮಾಡಿಸಿದರೂ ಟೆಂಡರು ಕರೆಯಬೇಕು. ಅದನ್ನು ಟೆಂಡರ್ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅರ್ಹರಲ್ಲಿ ಕಡಮೆ ದರ ಹೇಳಿದವನಿಗೆ ಕೊಡಬೇಕು. ಅನ್ಯಾಯವಾಯಿತೆಂದು ಕಂಡವನು ಮೇಲ್ಮನವಿ ಹಾಕಬಹುದು. ಇಷ್ಟು ಅದರ ತಿರುಳು. ಕೆಟ್ಟ ಕಾಯಿದೆಯೇನಲ್ಲ. ನಾವು ಅದನ್ನು ಎರಡು ಸಲ ಓದಿದ್ದೇವೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಅದಕ್ಕೆ ಮುಂಚಿನ ಕಾಲವನ್ನು ಹಿರಿಯರು ಬಲ್ಲರು. ಟೆಂಡರ್ ಪೆಟ್ಟಿಗೆ ಇಟ್ಟ ದಿನ ಕಚೇರಿಯ ಮೆಟ್ಟಿಲ ಮೇಲೆ ನಾಲ್ಕು ಜನ ದಾಂಡಿಗರು ಕೂತಿರುತ್ತಿದ್ದರು. ಹೊರಗಿನವನು ಲಕೋಟೆ ಹಿಡಿದು ಬಂದರೆ ಕಾಫಿ ಕುಡಿಸಿ ಕಳಿಸುತ್ತಿದ್ದರು, ಕಾಫಿಗೆ ಒಲ್ಲದಿದ್ದರೆ ಬೇರೆ ರೀತಿಯಲ್ಲಿ ಕಳಿಸುತ್ತಿದ್ದರು. 2007ರಿಂದ ಕಂಪ್ಯೂಟರಿನಲ್ಲಿ ಟೆಂಡರು ಹಾಕುವ ಏರ್ಪಾಡು ಬಂದ ಮೇಲೆ ಆ ಮೆಟ್ಟಿಲು ಖಾಲಿಯಾಯಿತು. ಇದೂ ಸಣ್ಣ ಲಾಭವಲ್ಲ. ಆದರೆ ದಾಂಡಿಗರು ಎಲ್ಲಿ ಹೋದರು? ಅವರಿಗೆ ಈಗ ಮೆಟ್ಟಿಲ ಮೇಲೆ ಕೂರುವ ಅಗತ್ಯವಿಲ್ಲ. ಟೆಂಡರಿನ ಷರತ್ತುಗಳೇ ಅವರ ಕೆಲಸ ಮಾಡುತ್ತವೆ.

ದೊಡ್ಡ ಕಾಮಗಾರಿಯ ಟೆಂಡರ್ ಪತ್ರ ಬಿಚ್ಚಿ ನೋಡಿ. ಹಿಂದಿನ ವರ್ಷಗಳಲ್ಲಿ ಇಷ್ಟು ವಹಿವಾಟು ಮಾಡಿರಬೇಕು. ಅದೇ ತರಹದ ಕೆಲಸವನ್ನು ಇಷ್ಟು ದೊಡ್ಡ ಮೊತ್ತಕ್ಕೆ ಮಾಡಿ ಮುಗಿಸಿರಬೇಕು. ಇಷ್ಟು ಯಂತ್ರ ಇರಬೇಕು. ಇಷ್ಟು ಠೇವಣಿ ಕಟ್ಟಬೇಕು. ಒಂದೊಂದನ್ನೇ ತೆಗೆದು ನೋಡಿದರೆ ನ್ಯಾಯವಾಗಿಯೇ ಕಾಣುತ್ತದೆ. ಅನುಭವವಿಲ್ಲದವನಿಗೆ ಸೇತುವೆ ಕೊಡಿರೆಂದು ನಾವೂ ಹೇಳುವುದಿಲ್ಲ. ಆದರೆ ಹತ್ತು ವಾರ್ಡಿನ ಹತ್ತು ಚರಂಡಿಗಳನ್ನು ಒಂದೇ ಗಂಟು ಕಟ್ಟಿ, ಅದಕ್ಕೆ ‘ಪ್ಯಾಕೇಜ್’ ಎಂದು ಹೆಸರಿಟ್ಟು, ಆ ಗಂಟಿನ ಗಾತ್ರಕ್ಕೆ ಅನುಭವ ಕೇಳಿದರೆ ಏನಾಯಿತು? ಒಂದು ಚರಂಡಿಯನ್ನು ಚೆನ್ನಾಗಿ ಕಟ್ಟಬಲ್ಲ ಮೇಸ್ತ್ರಿಗೆ ಹತ್ತು ಚರಂಡಿಯ ಬಾಗಿಲಲ್ಲಿ ಪ್ರವೇಶವಿಲ್ಲ. ಗಂಟು ಬೆಂಗಳೂರಿನವನಿಗೆ ಹೋಗುತ್ತದೆ. ಅವನು ಮೈಸೂರಿನವನಿಗೆ ಕೊಡುತ್ತಾನೆ, ಮೈಸೂರಿನವನು ನಮ್ಮೂರಿನವನಿಗೆ ಕೊಡುತ್ತಾನೆ. ಕಡೆಗೆ ಗಾರೆ ಕಲಸುವವನು ಅದೇ ಮೇಸ್ತ್ರಿ! ನಡುವೆ ಇಬ್ಬರು ಕೈ ತೊಳೆದುಕೊಂಡು ಎದ್ದಿರುತ್ತಾರೆ. ಅವರು ತಿಂದ ಅಂತರವನ್ನು ಸಿಮೆಂಟಿನಲ್ಲಿ ಹಿಡಿಯದೆ ಅವನಿಗೆ ಬೇರೆ ದಾರಿ ಉಂಟೇ? ಮೊದಲ ಮಳೆಗೆ ಚರಂಡಿ ಒಡೆದಾಗ ನಾವು ಬೈಯುವುದು ಯಾರನ್ನು? ಆ ಮೇಸ್ತ್ರಿಯನ್ನೇ.

ಏಕೆ ಗಂಟು ಕಟ್ಟುತ್ತೀರಿ ಎಂದು ಕೇಳಿದರೆ ಅಧಿಕಾರಿಗಳ ಬಳಿ ಉತ್ತರ ಸಿದ್ಧ: ‘ತುಂಡು ಗುತ್ತಿಗೆ ಮಾಡಿದರೆ ಕಾಯಿದೆ ತಪ್ಪಿಸಿದ ಹಾಗಾಗುತ್ತದೆ.’ ತುಂಡು ಗುತ್ತಿಗೆಯ ಕಥೆಯೂ ನಮಗೆ ಗೊತ್ತು. ಒಂದು ರಸ್ತೆಯನ್ನು ಟೆಂಡರಿನ ಮಿತಿಯೊಳಗೆ ಬರುವಂತೆ ಕತ್ತರಿಸಿ, ಎಲ್ಲ ತುಂಡನ್ನೂ ಒಬ್ಬನಿಗೇ ಕೊಟ್ಟು, ಮೂರು ಕೊಟೇಷನ್ನುಗಳನ್ನು ಒಂದೇ ಕೈಯಲ್ಲಿ ಬರೆಸಿಕೊಳ್ಳುವ ವಿದ್ಯೆ ಅದು. ಅದನ್ನು ತಡೆಯಲೇಬೇಕು. ಆದರೆ ಕೆಲಸವನ್ನು ವಾರ್ಡುವಾರು ಬಿಡಿಯಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬಹಿರಂಗ ಟೆಂಡರು ಕರೆದರೆ ಯಾವ ಕಾಯಿದೆ ತಪ್ಪಿದಂತಾಯಿತು? ಕದಿಯುವುದಕ್ಕಾಗಿ ಕತ್ತರಿಸುವುದು ಬೇರೆ, ಹಂಚುವುದಕ್ಕಾಗಿ ವಿಂಗಡಿಸುವುದು ಬೇರೆ. ಅದೇ ಕಾಯಿದೆಯ 4ನೆಯ ಕಲಮಿನಲ್ಲಿ ವಿನಾಯಿತಿಗಳ ಒಂದು ಸಾಲೇ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರೇ ಇಲ್ಲದೆ ಕೆಲಸ ಕೊಡಬಹುದಾದ ‘4(ಜಿ)’ ಅದರೊಳಗೇ ಇದೆ. ದೊಡ್ಡವರಿಗೆ ಈ ಅಕ್ಷರ ಬಾಯಿಪಾಠ. ಸಣ್ಣವನು ‘ನನ್ನ ಪಾಲಿಗೆ ಯಾವ ಅಕ್ಷರ?’ ಎಂದರೆ ಉತ್ತರವಿಲ್ಲ.

ಮೀಸಲಾತಿಯ ಮಾತು ಇಲ್ಲಿ ಬರುತ್ತದೆ. 2017ರಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ನೂರಕ್ಕೆ 17.15, ಪರಿಶಿಷ್ಟ ಪಂಗಡದವರಿಗೆ 6.95ರಂತೆ ಗುತ್ತಿಗೆ ಮೀಸಲಾಯಿತು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. 2025ರ ಮಾರ್ಚಿನಲ್ಲಿ ಮಿತಿಯನ್ನು ಎರಡು ಕೋಟಿಗೆ ಏರಿಸಿ, ಮುಸ್ಲಿಮರನ್ನೂ ಸೇರಿಸುವ ಮಸೂದೆಯನ್ನು ಶಾಸನಸಭೆ ಅಂಗೀಕರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾದಿರಿಸಿದರು. ಅದರ ಮೇಲೆ ಎದ್ದ ಗದ್ದಲವನ್ನು ವಾಚಕರು ಮರೆತಿರಲಾರರು. ನಾವು ಈ ಮೀಸಲಾತಿಯ ಪರ. ಅದರಲ್ಲಿ ಎರಡು ಮಾತಿಲ್ಲ. ತಲೆಮಾರುಗಳಿಂದ ಕಲ್ಲು ಹೊತ್ತವರ ಮಗ ಒಂದು ಗುತ್ತಿಗೆ ಹಿಡಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಮೀಸಲಿನ ಗುತ್ತಿಗೆ ಸಿಕ್ಕವನು ಸಿಮೆಂಟು ತರಲು ಯಾರ ಹತ್ತಿರ ಹೋಗಬೇಕು? ಬಿಲ್ಲು ಬರುವ ತನಕ ಆಳುಗಳಿಗೆ ಬಟವಾಡೆ ಯಾರು ಮಾಡಬೇಕು? ಆಗ ಹಣವಂತನೊಬ್ಬ ನಗುನಗುತ್ತ ಬರುತ್ತಾನೆ: ‘ಹೆಸರು ನಿನ್ನದಿರಲಿ, ಬಂಡವಾಳ ನನ್ನದಿರಲಿ.’ ಅಲ್ಲಿಗೆ ಮೀಸಲಾತಿ ಕಾಗದದಲ್ಲಿ ಉಳಿಯಿತು. ಸದನದಲ್ಲಿ ಯಾರ ಪಾಲು ಎಷ್ಟೆಂದು ಜಗಳವಾಡಿದವರಲ್ಲಿ ಒಬ್ಬರಾದರೂ ಪಾಲಿನ ಹಣ ಯಾವ ದಿನ ಕೈಗೆ ಬರುತ್ತದೆಂದು ಕೇಳಬಾರದಾಗಿತ್ತೇ?

ನಮ್ಮ ಮುಖ್ಯ ಆಕ್ಷೇಪಣೆ ಇದೇ. ಟೆಂಡರು ಕರೆಯುವುದರಿಂದ ಹಿಡಿದು ಒಪ್ಪುವ ತನಕ ಪ್ರತಿ ಹೆಜ್ಜೆಗೂ ಆ ಕಾಯಿದೆ ಕಾವಲು ಹಾಕಿದೆ. ಕೆಲಸವಾದ ಮೇಲೆ, ಮಾಲು ಕೊಟ್ಟ ಮೇಲೆ, ಎಷ್ಟು ದಿನದಲ್ಲಿ ಹಣ ಕೊಡಬೇಕೆಂಬುದಕ್ಕೆ ಅದರಲ್ಲಿ ಒಂದು ಕಲಮೂ ಇಲ್ಲ. ಮುಂಬಾಗಿಲಿಗೆ ಏಳು ಬೀಗ, ಹಿತ್ತಿಲ ಬಾಗಿಲು ತೆರೆದದ್ದೇ. ಕಳ್ಳನಿಗೆ ಇನ್ನೇನು ಬೇಕು? ಗುತ್ತಿಗೆಯ ಕರಾರು ಪತ್ರದಲ್ಲಿ ಅವಧಿ ಬರೆದಿರಬಹುದು. ಆ ಪತ್ರ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ ಅಂಗಡಿಯವನಿಗೆ ಮರುವರ್ಷ ಆ ಕಚೇರಿಯಲ್ಲಿ ಕುರ್ಚಿ ತೋರಿಸುವವರು ಯಾರು?

ಬಿಲ್ಲಿನ ಪ್ರಯಾಣ ಹೇಗೆಂದು ನೋಡಿ. ಪೊರಕೆಯಾದರೆ ಆರೋಗ್ಯ ನಿರೀಕ್ಷಕರು ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಚರಂಡಿಯಾದರೆ ಇಂಜಿನಿಯರು ಅಳತೆ ಪುಸ್ತಕದಲ್ಲಿ ಬರೆಯಬೇಕು. ಅಲ್ಲಿಂದ ಗುಮಾಸ್ತರ ಮೇಜು, ಲೆಕ್ಕದವರ ಮೇಜು, ಕಡೆಗೆ ಮುಖ್ಯಾಧಿಕಾರಿಗಳ ಸಹಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮೇಜಿಗೊಬ್ಬ ಪೂಜಾರಿ. ಯಾವ ಮೇಜಿನ ಮೇಲೆ ಎಷ್ಟು ದಿನ ಇರಬಹುದೆಂದು ಹೊರಗಿನವನಿಗೆ ತಿಳಿಯುವಂತಿಲ್ಲ. ಹಿಂದೆ ಬಂದ ಬಿಲ್ಲು ಮುಂದೆ ಹೋಗುತ್ತದೆ, ಮುಂದೆ ಬಂದದ್ದು ಅಡಿಗೆ ಸೇರುತ್ತದೆ. ಅಡಿಯದನ್ನು ಮೇಲಕ್ಕೆ ತರಲು ಏನು ಮಾಡಬೇಕೆಂಬುದನ್ನು ನಾವು ಬರೆಯಬೇಕಾಗಿಲ್ಲ. ಈ ನಡುವೆ ಅಂಗಡಿಯವರು ತಾವು ತಂದ ಮಾಲಿಗೆ ಮಂಡಿಯ ಸಾಹುಕಾರನಿಗೆ ಬಡ್ಡಿ ಕಟ್ಟುತ್ತಿರುತ್ತಾರೆ. ಜಿ.ಎಸ್.ಟಿ. ಬೇರೆ: ಬಿಲ್ಲು ಬರೆದ ಮೇಲೆ, ಪುರಸಭೆ ಹಣ ಕೊಡಲಿ ಬಿಡಲಿ, ತೆರಿಗೆ ಕಟ್ಟಲೇಬೇಕು. ಬಾರದ ಹಣಕ್ಕೆ ಸರ್ಕಾರಕ್ಕೆ ತೆರಿಗೆ, ಬಾರದಂತೆ ತಡೆದದ್ದೂ ಸರ್ಕಾರದ್ದೇ ಒಂದು ಅಂಗ!

ಆದ್ದರಿಂದ ಪುರಸಭೆ ಕೊಳ್ಳುವುದು ಪೊರಕೆಯನ್ನೂ ಅಲ್ಲ, ಚರಂಡಿಯನ್ನೂ ಅಲ್ಲ. ಕಾಯುವ ಶಕ್ತಿಯನ್ನು ಕೊಳ್ಳುತ್ತದೆ. ಒಂದು ವರ್ಷ ಕಾಯಬಲ್ಲವನಿಗೆ ಗುತ್ತಿಗೆ, ಕಾಯಲಾರದವನಿಗೆ ನಷ್ಟ. ಕಾಯಬಲ್ಲವನು ತನ್ನ ಬಡ್ಡಿಯನ್ನು ಮೊದಲೇ ದರದಲ್ಲಿ ಸೇರಿಸಿರುತ್ತಾನೆ. ಅದನ್ನು ತೆರುವವರು ಕಂದಾಯ ಕಟ್ಟುವ ನಾವು ನೀವು.

ಹಣಕ್ಕೆ ದಿನ ಗೊತ್ತುಮಾಡುವುದು ಅಸಾಧ್ಯವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗಿರಣಿಯ ಗೆಳೆಯರು ಬಲ್ಲರು: ಕೂಲಿ ಪಾವತಿಗೆ 1936ರಷ್ಟು ಹಿಂದೆಯೇ ಕಾಯಿದೆ ಬಂದು, ಸಣ್ಣ ಕಾರ್ಖಾನೆಯಾದರೆ ಏಳನೆಯ ದಿನದೊಳಗೆ, ಸಾವಿರ ಆಳಿನ ಕಾರ್ಖಾನೆಯಾದರೆ ಹತ್ತನೆಯ ದಿನದೊಳಗೆ ಎಂದು ಗೊತ್ತಾಯಿತು. ಆ ಕಾಯಿದೆ ಹೋಗಿ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ತಿಂಗಳ ಸಂಬಳಕ್ಕೆ ಏಳು ದಿನ ಎಂಬುದು ಅಲ್ಲಿಯೂ ಇದೆ. ಕಬ್ಬಿಗೆ 1966ರ ನಿಯಂತ್ರಣ ಆದೇಶ ಉಂಟು: 14 ದಿನದೊಳಗೆ ಹಣ, ತಡವಾದರೆ ನೂರಕ್ಕೆ 15ರಂತೆ ಬಡ್ಡಿ. ಕಾರ್ಖಾನೆಗಳು ಅದನ್ನು ಎಷ್ಟು ಸಲ ಮುರಿದಿವೆಯೆಂಬುದನ್ನು ಮಂಡ್ಯದವರಿಗೆ ಹೊಸದಾಗಿ ಹೇಳಬೇಕೆ? ಆದರೂ ರೈತ ರಸ್ತೆಗಿಳಿದಾಗ ‘14 ದಿನ ಎಲ್ಲಿ?’ ಎಂದು ಕೇಳಲು ಅವನ ಬಾಯಿಗೆ ಒಂದು ಅಂಕಿ ಇದೆ. ಅಂಗಡಿಯವನ ಬಾಯಿಗೆ ಯಾವ ಅಂಕಿ?

ಸಣ್ಣ ಕೈಗಾರಿಕೆಗಳ 2006ರ ಕಾಯಿದೆಯಲ್ಲಿ 45 ದಿನ ಎಂಬ ಅಂಕಿ ಇದೆ. ಸಣ್ಣ ಉತ್ಪಾದಕನಿಂದ ಮಾಲು ಕೊಂಡವರು 45 ದಿನದೊಳಗೆ ಹಣ ಕೊಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ಕೇಳಿ ಸಂತೋಷಪಟ್ಟಿರಾ? ತಾಳಿ. ಬಿಡಿ ಮತ್ತು ಸಗಟು ವ್ಯಾಪಾರಿಗಳನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆ ವರ್ಗಕ್ಕೆ ಸೇರಿಸಿತು. ಸೇರಿಸುವಾಗಲೇ, ಇದು ಬ್ಯಾಂಕಿನ ಆದ್ಯತೆಯ ಸಾಲಕ್ಕೆ ಮಾತ್ರ ಎಂದು ಗೆರೆ ಎಳೆಯಿತು. ಅಂದರೆ ಕಮ್ಮಾರ ತಾನು ಮಾಡಿದ ಕಸದ ಬುಟ್ಟಿಯನ್ನು ತಾನೇ ಪುರಸಭೆಗೆ ಕೊಟ್ಟು, ಉದ್ಯಮ್ ನೋಂದಣಿಯನ್ನೂ ಮಾಡಿಸಿದ್ದರೆ ಅವನಿಗೆ 45 ದಿನದ ರಕ್ಷಣೆ. ಅದೇ ಬುಟ್ಟಿಯನ್ನು ಅವನಿಂದ ಕೊಂಡು ಅಂಗಡಿಯವನು ಕೊಟ್ಟರೆ ರಕ್ಷಣೆಯಿಲ್ಲ. ಸಾಲ ತೆಗೆದುಕೋ ಎಂದು ಬ್ಯಾಂಕಿಗೆ ದಾರಿ ತೋರಿಸುವವರು, ಬರಬೇಕಾದ್ದನ್ನು ಕೊಡಿಸಲು ಮಾತ್ರ ಮುಂದೆ ಬರುವುದಿಲ್ಲ. ಕೊಡಿಸಿದ್ದರೆ ಆ ಸಾಲವೇ ಬೇಕಾಗುತ್ತಿರಲಿಲ್ಲವಲ್ಲ!

ಇದೆಲ್ಲ ವ್ಯಾಪಾರಿಗಳ ತಾಪತ್ರಯ, ನಮಗೇನು ಎಂದು ಗಿರಣಿಯ ಗೆಳೆಯರು ಪುಟ ತಿರುಗಿಸಬಾರದು. ಗುತ್ತಿಗೆಯಲ್ಲಿ ಆಳು ಒದಗಿಸುವ ಟೆಂಡರೂ ಇದೇ ಕಾಯಿದೆಯ ಕೆಳಗೆ ಬರುತ್ತದೆ, ಕಡಮೆ ದರದವನೇ ಗೆಲ್ಲುತ್ತಾನೆ. ಸಿಮೆಂಟಿನ ಬೆಲೆ ಎಲ್ಲರಿಗೂ ಒಂದೇ, ಡೀಸೆಲ್ಲಿನ ಬೆಲೆ ಒಂದೇ. ಹಾಗಾದರೆ ದರ ಇಳಿಸುವುದು ಎಲ್ಲಿಂದ? ಆಳಿನ ಕೂಲಿಯಿಂದ, ಭವಿಷ್ಯನಿಧಿಯಿಂದ, ಕೈಗವಸಿನಿಂದ. ಪೌರಕಾರ್ಮಿಕರು ಗುತ್ತಿಗೆ ಪದ್ಧತಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2017ರಲ್ಲಿ ಅದನ್ನು ಕೈಬಿಡುವ ತೀರ್ಮಾನವನ್ನು ಸರ್ಕಾರ ಮಾಡಿತು. 2022ರ ಜುಲೈನಲ್ಲಿ ಮತ್ತೆ ಪೊರಕೆ ಕೆಳಗಿಟ್ಟು ಕೂತ ಮೇಲೆ ಖಾಯಮಾತಿಯ ದಾರಿ ತೆರೆಯಿತು. ಆದರೆ ಕಸದ ಗಾಡಿ ಓಡಿಸುವವನು, ಗಾಡಿಗೆ ಕಸ ತುಂಬುವವನು, ನಲ್ಲಿಗೆ ನೀರು ಬಿಡುವವನು, ಕಚೇರಿಯಲ್ಲಿ ಕಂಪ್ಯೂಟರ್ ಒತ್ತುವ ಹುಡುಗಿ, ಎಷ್ಟೋ ಕಡೆ ಇನ್ನೂ ಗುತ್ತಿಗೆಯವರೇ. ಪುರಸಭೆ ಏಜೆನ್ಸಿಗೆ ಬಿಲ್ಲು ತಡಮಾಡಿದರೆ ಏಜೆನ್ಸಿಯವನು ಇವರ ಸಂಬಳ ತಡಮಾಡುತ್ತಾನೆ. ಅಂಗಡಿಯವನ ಬಿಲ್ಲನ್ನು ನಿಲ್ಲಿಸಿದ ಮೇಜೇ ನೀರುಗಂಟಿಯ ಮನೆಯ ಒಲೆಯನ್ನೂ ಆರಿಸುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಹೇಳಿತ್ತು. ಅದರ ಜಾಗಕ್ಕೆ 2025ರಲ್ಲಿ ಬಂದ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಇಲ್ಲಿ ಮುಖ್ಯ ಮಾಲೀಕ ಪುರಸಭೆಯೇ. ಇದನ್ನು ಬರೆದು ಕಚೇರಿಯ ಗೋಡೆಗೆ ಅಂಟಿಸಿದವರನ್ನು ನಾವು ಎಲ್ಲಿಯೂ ನೋಡಿಲ್ಲ.

ರಾಜಕೀಯ ಪಕ್ಷಗಳ ಮಾತು ಚುಟುಕಾಗಿ ಮುಗಿಸೋಣ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಂದಿನ ಅಧ್ಯಕ್ಷ ಡಿ. ಕೆಂಪಣ್ಣನವರು ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ನೂರಕ್ಕೆ 40ರಷ್ಟು ಲಂಚದ ಆರೋಪ ಮಾಡಿದರು. ಆ ಅಂಕಿ 2023ರ ಚುನಾವಣೆಯಲ್ಲಿ ಗೋಡೆಗೋಡೆಯ ಮೇಲೂ ಅಂಟಿತು. ಸರ್ಕಾರ ಬದಲಾಯಿತು. ಹೊಸ ಸರ್ಕಾರ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಆಯೋಗ ನೇಮಿಸಿತು. 2025ರ ಮಾರ್ಚಿನಲ್ಲಿ ವರದಿ ಬಂತು. ಈ ನಡುವೆ ಅದೇ ಸಂಘ ಹೊಸ ಸರ್ಕಾರದ ಬಾಗಿಲಿಗೂ ಹೋಗಿ, ಬಾಕಿ ಬಿಲ್ಲು ಕೊಡಿ, ಜ್ಯೇಷ್ಠತೆಯ ಪ್ರಕಾರ ಕೊಡಿ ಎಂದು ಕೇಳಬೇಕಾಯಿತು. ಕುರ್ಚಿಯಲ್ಲಿ ಕೂತವರು ಬದಲಾದರು, ಬಿಲ್ಲು ಅದೇ ಮೇಜಿನ ಮೇಲೆ ಉಳಿಯಿತು. ದೊಡ್ಡ ಗುತ್ತಿಗೆದಾರರಿಗೆ ಸಂಘವಾದರೂ ಇದೆ, ಪ್ರಧಾನಿಗೆ ಬರೆಯಬಲ್ಲರು. ಶೀಳನೆರೆಯ ಅಂಗಡಿಯವನು ಯಾರಿಗೆ ಬರೆಯಬೇಕು?

‘ಹಣವೇ ಇಲ್ಲ, ಎಲ್ಲಿಂದ ಕೊಡೋಣ?’ ಎಂಬುದು ಅಧಿಕಾರಿಗಳ ಕೊನೆಯ ಉತ್ತರ. ಸಣ್ಣ ಪುರಸಭೆಗಳ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಸ್ವಂತ ವರಮಾನ ಕಡಮೆ, ಅನುದಾನ ಬರುವುದು ತಡ, ಬಂದದ್ದಕ್ಕೂ ಬಾಬ್ತು ಕಟ್ಟಿಬಿಟ್ಟಿರುತ್ತಾರೆ. ಆದರೆ ಹಣವಿಲ್ಲದಿದ್ದರೆ ಮಾಲು ತರಿಸಿದ್ದು ಏಕೆ? ಸಾಲವನ್ನು ಬ್ಯಾಂಕಿನಿಂದ ತೆಗೆಯಿರಿ, ಅಂಗಡಿಯವನ ಗಲ್ಲಾಪೆಟ್ಟಿಗೆಯಿಂದ ತೆಗೆಯಬೇಡಿ. ಇನ್ನೂ ಒಂದು ಪ್ರಶ್ನೆ: ಹಣ ಯಾರಿಗೂ ಇಲ್ಲವೋ, ಇವರಿಗೆ ಮಾತ್ರ ಇಲ್ಲವೋ? ಕಳೆದ 14 ತಿಂಗಳಲ್ಲಿ ಆ ಕಚೇರಿಯಿಂದ ಒಂದು ಬಿಲ್ಲೂ ಪಾಸಾಗಿಲ್ಲವೆಂದು ಆ ಮುಖ್ಯಾಧಿಕಾರಿಗಳು ಎದೆ ಮುಟ್ಟಿ ಹೇಳಬಲ್ಲರೆ?

ನಾವು ಕೇಳುವುದು ದೊಡ್ಡದೇನಲ್ಲ. ಪುರಸಭೆಯ ಬಾಗಿಲಲ್ಲಿ ಒಂದು ಹಲಗೆ ಇಡಿ. ಬಂದ ಬಿಲ್ಲನ್ನೆಲ್ಲ ದಿನಾಂಕದ ಪ್ರಕಾರ ಅದರ ಮೇಲೆ ಬರೆಯಿರಿ: ಯಾರದು, ಎಷ್ಟು, ಯಾವತ್ತು ಬಂತು, ಯಾವ ಮೇಜಿನ ಮೇಲಿದೆ, ಯಾವತ್ತು ಹಣ ಹೋಯಿತು. ಮುಂದೆ ಬಂದದ್ದಕ್ಕೆ ಮುಂದೆ ಕೊಡಿ. ಸಾಲು ಮುರಿದರೆ ಏಕೆ ಮುರಿದಿರೆಂದು ಸಹಿ ಹಾಕಿ ಬರೆಯಿರಿ. ಒಂದು ಹಲಗೆ, ಒಂದು ತುಂಡು ಸೀಮೆಸುಣ್ಣ. ಇದಕ್ಕೆ ಟೆಂಡರೂ ಬೇಡ. ಸರ್ಕಾರ 1999ರ ಕಾಯಿದೆಗೆ ಪಾವತಿಯ ಒಂದು ಅಧ್ಯಾಯ ಸೇರಿಸಿ, ವ್ಯಾಪಾರಿಗೂ ಸಣ್ಣ ಗುತ್ತಿಗೆದಾರನಿಗೂ 45 ದಿನ ಮತ್ತು ಬಡ್ಡಿಯ ಹಕ್ಕು ಕೊಡಬೇಕು. ವಾರ್ಡಿನ ಕೆಲಸ ವಾರ್ಡಿನ ಅಳತೆಯಲ್ಲೇ ಟೆಂಡರಿಗೆ ಬರಲಿ. ಆಳಿನ ಟೆಂಡರಿನಲ್ಲಿ ಕೂಲಿ, ಭವಿಷ್ಯನಿಧಿಗಳ ಬಾಬ್ತನ್ನು ಬೇರೆಯಿಟ್ಟು, ಉಳಿದದ್ದರ ಮೇಲೆ ಮಾತ್ರ ದರ ಕೇಳಲಿ.

ಸರ್ಕಾರ ಎಚ್ಚರಗೊಳ್ಳುವ ತನಕ ಸುಮ್ಮನೆ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಕೇಳುವುದು 150 ಪದ ಮೀರಬಾರದೆಂದು ನಮ್ಮ ರಾಜ್ಯದ ನಿಯಮ. ಪ್ರಬಂಧ ಬರೆಸಿ ರೂಢಿಯಾದ ನಮ್ಮಂಥ ಮೇಷ್ಟರುಗಳಿಗೆ ಅದೊಂದು ಕಷ್ಟ, ಆದರೂ ಬರೆದಿದ್ದೇವೆ. ‘ಕಳೆದ ಎರಡು ವರ್ಷದಲ್ಲಿ ಬಂದ ಬಿಲ್ಲುಗಳ ಪಟ್ಟಿ, ಪ್ರತಿಯೊಂದೂ ಬಂದ ದಿನ, ಪಾವತಿಯಾದ ದಿನ.’ ಇಷ್ಟೇ ಪ್ರಶ್ನೆ. ಇದರಲ್ಲಿ ಯಾರ ಬಿಲ್ಲಿನ ಹೆಸರೂ ಇಲ್ಲ. ಅರ್ಜಿಯ ಕೆಳಗೆ ಸಹಿ ನಮ್ಮದು, ಆದ್ದರಿಂದ ಅಂಗಡಿಯವರು ಅಂಜಬೇಕಾಗಿಲ್ಲ. ಜಿಲ್ಲೆಯ ಯಾವ ಪುರಸಭೆಯಲ್ಲೇ ಆಗಲಿ ಬಾಕಿ ನಿಂತ ಬಿಲ್ಲಿದ್ದವರು, ಸಂಬಳ ನಿಂತ ನೀರುಗಂಟಿಗಳು, ಗಾಡಿಯವರು, ನಕಲು ಹಿಡಿದು ನಮ್ಮ ಕಚೇರಿಗೆ ಬನ್ನಿ. ಸಂಜೆ ಗಿರಣಿ ಬಿಟ್ಟ ಮೇಲೆ ಬಾಗಿಲು ತೆರೆದೇ ಇರುತ್ತದೆ. ಶೀಳನೆರೆಯವರ ನಕಲು ಈಗಾಗಲೇ ಮೇಜಿನ ಮೇಲಿದೆ. ಮೊದಲನೆಯ ಅರ್ಜಿ ಸೋಮವಾರ ಹೋಗುತ್ತದೆ.